ನಾನು ನೀಲಮ್ಮ ಎಂದು ಕುಣಿದ ದಿನ

ಎರಡು ವರ್ಷದ ಹಿಂದಿನ ಆಷಾಢ. ಆಷಾಢದಲ್ಲಿ ನಮ್ಮ ಸೇಡಂನಲ್ಲಿ ಮದುವೆಗಳಿರುವುದಿಲ್ಲ. ಮದುವೆ ಇಲ್ಲದಿದ್ದರೆ ಕಲ್ಯಾಣ ಮಂಟಪದಲ್ಲಿ ಪಾರಿವಾಳಗಳದೇ ಕಾರುಬಾರು. ಅಂಥದೊಂದು ಖಾಲಿ ಮಂಟಪಕ್ಕೆ, ನಲವತ್ತು ದಾಟಿದ ನಾನು, ರೊಟ್ಟಿ ಬಡಿದು ಬಡಿದು ಅಂಗೈ ಗಟ್ಟಿಯಾದ ನಾನು, ಡಾನ್ಸ್ ಕಲಿಯಲು ಹೋದೆ. ಕಲಿಯಲು ಹೋದದ್ದು ಒಂದು, ಅಲ್ಲಿ ನಡೆದದ್ದೇ ಇನ್ನೊಂದು.

ಮೊದಲು ನನ್ನ ಹೆಸರಿನ ಕಥೆ ಹೇಳಬೇಕು. ತಕರಾರೆಲ್ಲ ಇರುವುದೇ ಅಲ್ಲಿ. ನನ್ನ ತವರು ಚಿಂಚೋಳಿ ತಾಲ್ಲೂಕಿನ ಕೊಡ್ಲಿ. ಅಲ್ಲಿ ನಾನು ನೀಲಮ್ಮ. ನಮ್ಮ ಮಂದಿಯಲ್ಲಿ ಮನೆಗೆ ಬರುವ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇದೆ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ನನ್ನ ಗಂಡನ ಕೈಗೆ ಒಂದು ಉಂಗುರ ಕೊಟ್ಟು, ಅಕ್ಕಿಯಲ್ಲಿ ಹೆಸರು ಬರೆಸಿದರು. ಅವರು ಬರೆದದ್ದು ‘ಭಾಗ್ಯಶ್ರೀ’. ಆ ಹೆಸರು ಆರಿಸಿದ್ದು ನನ್ನ ಅತ್ತೆ. ನೀಲಮ್ಮ ಅನ್ನುವುದಕ್ಕೆ ಏನಾಗಿತ್ತು ಎಂದು ಆಮೇಲೊಮ್ಮೆ ಕೇಳಿದೆ.

“ನಮ್ಮ ಮನ್ಯಾಗ ನಿನ್ನ ನಾದಿನಿ ಒಬ್ಬಾಕಿ ನೀಲಮ್ಮ ಅದಾಳ. ಒಬ್ಬಾಕಿನ್ನ ಒದರಿದ್ರ ಇಬ್ಬರೂ ಓಡಿ ಬರ್ತೀರಿ. ಇಲ್ಲಾಂದ್ರ ಇಬ್ಬರೂ ಬರಂಗಿಲ್ಲ” ಎಂದರು.

ಆ ನಾದಿನಿ ಮದುವೆಯಾಗಿ ಶಹಾಬಾದಿಗೆ ಹೋದಳು. ಹೋದ ಮನೆಯಲ್ಲಿ ಅವಳ ಹೆಸರನ್ನೂ ಬದಲಿಸಿದರು. ಹಾಗಾಗಿ ನೀಲಮ್ಮ ಎನ್ನುವ ಹೆಸರು ನಮ್ಮ ಮನೆಯಲ್ಲಿ ಈಗ ಯಾರಿಗೂ ಇಲ್ಲ. ಕೊಡ್ಲಿಯಲ್ಲಿ ನನ್ನ ತಮ್ಮನೊಬ್ಬ ಫೋನಿನಲ್ಲಿ “ನೀಲಕ್ಕ” ಅನ್ನುತ್ತಾನೆ, ಅಷ್ಟೆ. ಅವನು ಹಾಗೆ ಕರೆದ ದಿನ ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದೆ. ಆ ಹುಡುಗಿ ಎಲ್ಲಿಗೆ ಹೋದಳು, ನನ್ನೊಳಗೆ ಇನ್ನೂ ಇದ್ದಾಳೋ ಇಲ್ಲವೋ ಎಂದು ಯೋಚನೆ ಬರುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ “ಭಾಗ್ಯಾ, ಹಂಚು ಕಾದದ” ಎಂದು ಕೂಗು ಬರುತ್ತಿತ್ತು.

ಆ ಕೂಗು ನನ್ನ ಅತ್ತೆ ಶಾಂತಾಬಾಯಿಯವರದು. ಹೆಸರಿಗೆ ಮಾತ್ರ ಶಾಂತ. ನಾವಿಬ್ಬರೂ ಸೇರಿ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇವೆ. ವಾಡಿಯಿಂದ, ಚಿತ್ತಾಪುರದಿಂದ ಮಂದಿ ಬಂದು ಒಯ್ಯುತ್ತಾರೆ. ಕೆಲಸದಲ್ಲಿ ನಮ್ಮ ಜೋಡಿ ಭಾರಿ, ಮಾತಿನಲ್ಲಿ ದಿನಾ ಕದನ. ಉಪ್ಪು ಹೆಚ್ಚಾಯಿತು ಎಂದು ಶುರುವಾದರೆ ನನ್ನ ತವರಿನ ಬಾವಿಯ ನೀರಿನ ತನಕ ಹೋಗುತ್ತದೆ. ಜಗಳದ ಕೊನೆಗೆ ಅತ್ತೆ ಒಂದು ಕೆಲಸ ಮಾಡುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಗಿಸಿ, ಎಡಗೈ ಹಿಂಬದಿಯನ್ನು ನಡುವಿಗೆ ಒತ್ತಿ, ಗದ್ದ ಮೇಲೆತ್ತಿ, ಬಲಗೈ ಹಿಟ್ಟು ಝಾಡಿಸಿದ ಹಾಗೆ ಗಾಳಿಯಲ್ಲಿ ಒಮ್ಮೆ ಝಾಡಿಸುತ್ತಾರೆ. ಅಲ್ಲಿಗೆ ಮಾತು ಮುಗಿಯಿತು ಅಂತ ಅರ್ಥ. ಆಮೇಲೆ ಕಲೆಕ್ಟರ್ ಬಂದರೂ ಕೇಳುವುದಿಲ್ಲ. ನಮ್ಮ ಓಣಿಯ ಮಕ್ಕಳೆಲ್ಲ ಅದನ್ನು ಕಲಿತು, ಆಟದಲ್ಲಿ ಔಟಾದವನಿಗೆ ಹಾಗೆ ಕೈ ಝಾಡಿಸಿ “ಶಾಂತಾಬಾಯಿ!” ಎಂದು ಕೂಗುತ್ತವೆ. ಅತ್ತೆಗೂ ಇದು ಗೊತ್ತು. ಗೊತ್ತಿದ್ದೂ ಝಾಡಿಸುವುದು ಬಿಟ್ಟಿಲ್ಲ.

ಈಗ ಡಾನ್ಸ್ ವಿಷಯ. ಮೇಘನಾ ಎಂಬ ಹುಡುಗಿ ಮೈಸೂರು ಕಡೆಯಿಂದ ಮದುವೆಯಾಗಿ ಬಂದವಳು. ಗಂಡನಿಗೆ ಇಲ್ಲಿನ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಕಾಲೊನಿಯ ಮನೆಯಲ್ಲಿ ಕೂತು ಕೂತು ಬೇಸರವಾಗಿ, ನಮ್ಮ ಓಣಿಯ ಮಹಿಳಾ ಸಂಘದ ಸುಮಂಗಲಾ ಹತ್ತಿರ ಬಂದು, “ಹೆಂಗಸರಿಗೆ ಒಂದು ವಾರ ಪುಕ್ಕಟೆ ನೃತ್ಯ ಹೇಳಿಕೊಡ್ತೀನಿ” ಎಂದಳಂತೆ. ಸುಮಂಗಲಾ ಮನೆ ಮನೆಗೆ ಸುದ್ದಿ ಮುಟ್ಟಿಸಿದಳು. ಈಗಿನ ಮದುವೆಗಳಲ್ಲಿ ಅರಿಶಿನದ ದಿನ ಬೀಗರೆಲ್ಲ ಸಿನೆಮಾ ಹಾಡಿಗೆ ಕುಣಿಯುವ ರೂಢಿ ಬಂದಿದೆಯಲ್ಲ, ಸ್ಟೆಪ್ ಬಾರದವರು ಗೋಡೆಗೆ ಒರಗಿ ನಿಲ್ಲಬೇಕು. ಶ್ರಾವಣದಲ್ಲಿ ಮತ್ತೆ ಮದುವೆಗಳು ಶುರು. ಅಷ್ಟರಲ್ಲಿ ಸ್ಟೆಪ್ ಕಲಿತುಬಿಡೋಣ ಎಂದು ಎಲ್ಲರೂ ಹೊರಟೆವು. ಕುರಕುಂಟಾದಿಂದಲೂ ಇಬ್ಬರು ಆಟೋ ಮಾಡಿಕೊಂಡು ಬಂದಿದ್ದರು.

ನಾನು ಹೊರಟಾಗ ಅತ್ತೆ ಚಟ್ನಿಗೆ ಶೇಂಗಾ ಹುರಿಯುತ್ತಿದ್ದರು.

“ಎಲ್ಲಿಗಿ?”

“ಡಾನ್ಸ್ ಕಲೀಲಿಕ್ಕ, ಅತ್ತಿ.”

“ಯಾರ ಮದುವಿ ಅದ?”

“ಯಾರದೂ ಇಲ್ಲ. ಸುಮ್ನೆ.”

“ಸುಮ್ನೆ ಯಾರರ ಕುಣೀತಾರೇನು? ಹೋಗು, ಹೋಗು. ನಾಳಿ ಮಣಕಾಲು ಹಿಡಕೊಂಡು ಕುಂತ್ರ ನಾ ಎಣ್ಣಿ ಹಚ್ಚಂಗಿಲ್ಲ ನೋಡು” ಎಂದು ಕೈ ಝಾಡಿಸಿದರು.

ಮಂಟಪದಲ್ಲಿ ಮೇಘನಾ ಹಾಡೂ ಹಾಕಲಿಲ್ಲ, ಸ್ಟೆಪ್ಪೂ ಹೇಳಲಿಲ್ಲ. ಒಂದು ಸಣ್ಣ ಡೋಲಕ್ ಇಟ್ಟುಕೊಂಡು ನೆಲದ ಮೇಲೆ ಕೂತಳು. “ಇಲ್ಲಿ ಸ್ಟೆಪ್ ಇರೋದಿಲ್ಲ. ಒಬ್ಬೊಬ್ಬರೇ ಬನ್ನಿ. ಕಣ್ಣು ಮುಚ್ಚಿ. ನಿಮ್ಮ ಹೆಸರು ಹೇಳಿ. ಹೆಸರು ಹೇಳಿದ ಮೇಲೆ ನಿಮ್ಮ ಮೈಗೆ ಏನು ಮಾಡಬೇಕು ಅನ್ನಿಸುತ್ತೋ ಅದನ್ನು ಮಾಡಲಿ. ಯೋಚನೆ ಮಾಡಬೇಡಿ. ಅದೇ ನಿಮ್ಮ ನೃತ್ಯ” ಎಂದಳು.

ಎಲ್ಲರೂ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನಿಂತೆವು. ಸುಮಂಗಲಾಗೆ ತಡೆಯಲಾಗಲಿಲ್ಲ. “ಮೇಡಂ, ಸ್ಟೆಪ್ ಹೇಳಿಕೊಡ್ಲಿಲ್ಲಾಂದ್ರ ಡಾನ್ಸ್ ಹೆಂಗ್ರಿ? ನಮ್ಮ ಮೈಗಿ ಮಲಕೋಬೇಕು ಅನಸ್ತದ್ರಿ” ಎಂದಳು.

“ಹಾಗಾದರೆ ಮಲಗಿ” ಎಂದಳು ಮೇಘನಾ. ಸುಮಂಗಲಾ ನಿಜಕ್ಕೂ ಫರಸಿ ಕಲ್ಲಿನ ನೆಲದ ಮೇಲೆ ಉದ್ದಕ್ಕೆ ಮಲಗಿ, “ಯವ್ವಾ, ಎಷ್ಟು ತಣ್ಣಗದ!” ಎಂದು ಆ ಕಡೆ ಈ ಕಡೆ ಹೊರಳಿದಳು. ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಯಿತು. ನಾಚಿಕೆ ಅರ್ಧ ಅಲ್ಲೇ ಇಳಿದುಹೋಯಿತು.

ನನ್ನ ಸರದಿ ಬಂತು. ಕಣ್ಣು ಮುಚ್ಚಿದೆ. ಹೆಸರು ಹೇಳಬೇಕು. ಭಾಗ್ಯಶ್ರೀ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೇಳಲು ಇಲ್ಲಿ ಗಂಡನ ಮನೆಯವರು ಯಾರೂ ಇಲ್ಲವಲ್ಲ ಎನ್ನಿಸಿ, “ನಾನು ನೀಲಮ್ಮ” ಎಂದುಬಿಟ್ಟೆ. ಮದುವೆಯಾದ ಮೇಲೆ ನನ್ನ ಬಾಯಿಂದ ಅದು ನನ್ನ ಹೆಸರಾಗಿ ಬಂದದ್ದು ಅದೇ ಮೊದಲು. ಆದರೆ ಮೈ ಏನೂ ಮಾಡಲಿಲ್ಲ. ನಟ್ಟ ಕಂಬದ ಹಾಗೆ ನಿಂತೆ. ಮೇಘನಾ ಡೋಲಕ್ ಬಾರಿಸುತ್ತಾ ಕಾದಳು, ಆಮೇಲೆ “ಪರವಾಗಿಲ್ಲ, ನಾಳೆ ಬರುತ್ತೆ” ಎಂದಳು.

ನಾಳೆಯೂ ಬರಲಿಲ್ಲ. ನನಗೆ ಹಟ ಹುಟ್ಟಿತು. ನೀಲಮ್ಮ ನನ್ನೊಳಗೆ ಇದ್ದರೆ ಕುಣಿದು ತೋರಿಸಲಿ, ಇಲ್ಲದಿದ್ದರೆ ಇಲ್ಲ ಎಂದಾದರೂ ಗೊತ್ತಾಗಲಿ. ಈ ವಾರದಲ್ಲಿ ಅವಳನ್ನು ಹುಡುಕಲೇಬೇಕು ಎಂದುಕೊಂಡೆ. ಕೊಡ್ಲಿಯಲ್ಲಿ ಏನೇನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಂಡೆ. ಹುಣಸೆಮರ ಹತ್ತಿ ಕೊಂಬೆ ಅಲ್ಲಾಡಿಸುತ್ತಿದ್ದೆ, ಕುಂಟಾಬಿಲ್ಲೆ ಆಡುತ್ತಿದ್ದೆ, ಪಂಚಮಿಯಲ್ಲಿ ಜೋಕಾಲಿ ಜೀಕುತ್ತಿದ್ದೆ. ಮೂರನೇ ದಿನ ಅದನ್ನೆಲ್ಲ ಒಂದಾದ ಮೇಲೊಂದು ಮಾಡಿ ತೋರಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಮೇಘನಾ ಮಾತ್ರ ತಲೆ ಅಲ್ಲಾಡಿಸಿದಳು. “ಅಕ್ಕಾ, ಇದು ನೀವು ನೆನಪು ಮಾಡಿಕೊಂಡು ಮಾಡಿದ್ದು. ತಾನಾಗಿ ಬಂದದ್ದಲ್ಲ” ಎಂದಳು. ಸಿಟ್ಟು ಬಂತು. ಆದರೆ ಹುಡುಗಿ ಹೇಳಿದ್ದು ಖರೆ ಇತ್ತು.

ಮನೆಯಲ್ಲಿ ಅಡುಗೆಮನೆ ಬಾಗಿಲು ಹಾಕಿಕೊಂಡು ಪ್ರಾಕ್ಟೀಸ್ ಶುರು ಮಾಡಿದೆ. ಒಂದು ಮಧ್ಯಾಹ್ನ ಕಣ್ಣು ಮುಚ್ಚಿ ಕೈಕಾಲು ಬೀಸಿ, ಕಣ್ಣು ತೆರೆದರೆ ಕಿಟಕಿಯಲ್ಲಿ ನನ್ನ ಗಂಡ ಸಿದ್ದಣ್ಣನ ಮುಖ ಕಾಣಿಸಿತು. “ಏನಾಗ್ಯದ? ಮೈಯಾಗ ಇರಿವಿ ಹೊಕ್ಕಾವೇನು?” ಎಂದು ಕೇಳಿದರು. “ನಾ ಯಾರಂತ ಹುಡಕ್ಲಿಕತ್ತೀನಿ” ಎಂದೆ. ಅವರು “ಸಿಕ್ಕರ ಹೇಳು, ಛಾ ಬೇಕಾಗ್ಯದ” ಎಂದು ಹೋದರು.

ವಾರದ ಕೊನೆಗೆ ಭಾನುವಾರ ಮಧ್ಯಾಹ್ನ ಮನೆಯವರನ್ನೆಲ್ಲ ಕರೆದು ಒಂದು ಸಣ್ಣ ಕಾರ್ಯಕ್ರಮ ಎಂದು ಮೇಘನಾ ಹೇಳಿದಳು. ಎಲ್ಲರೂ ತಮ್ಮ ತಮ್ಮ ಹೆಸರು ಹೇಳಿ, ತಮ್ಮ ಕುಣಿತ ಕುಣಿಯಬೇಕು. ನಾನು ಗಂಡನಿಗಷ್ಟೇ ಹೇಳಿದೆ. ಅತ್ತೆಗೆ ಹೇಳಲಿಲ್ಲ. ಅವರು ಇಟ್ಟ ಹೆಸರು ಬಿಟ್ಟು ಅವರ ಎದುರಿಗೇ ಇನ್ನೊಂದು ಹೆಸರು ಹೇಳುವ ಧೈರ್ಯ ನನಗಿರಲಿಲ್ಲ. ಭಾನುವಾರ ಅವರು ಮಧ್ಯಾಹ್ನದ ನಿದ್ದೆ ಮಾಡುವ ಹೊತ್ತು, ಏಳುವುದರೊಳಗೆ ಮುಗಿಸಿ ಬಂದುಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಮಂಟಪ ತುಂಬಿತ್ತು. ಓಣಿಯ ಮಕ್ಕಳೆಲ್ಲ ಮುಂದೆ ನೆಲದ ಮೇಲೆ ಕೂತಿದ್ದವು. ಸುಮಂಗಲಾ ತಣ್ಣಗಿನ ಫರಸಿಯ ಮೇಲೆ ಹೊರಳಾಡಿ, ಎದ್ದು ಕೂತು, ಮೈಮುರಿದು ಎಲ್ಲರನ್ನೂ ನಗಿಸಿದಳು. ಅವಳ ಗಂಡ, “ಇದರಾಗ ಡಾನ್ಸ್ ಏನದ, ಮನ್ಯಾಗೂ ಇದೇ ಮಾಡ್ತಾಳ” ಎಂದದ್ದಕ್ಕೆ ಇನ್ನೂ ಜೋರು ನಗೆ. ಆಗಲೇ ಬಾಗಿಲಲ್ಲಿ ಒದ್ದೆ ಛತ್ರಿ ಮಡಚುತ್ತಾ ನನ್ನ ಅತ್ತೆ ಬಂದರು. ಹಿಂದೆ ನನ್ನ ಗಂಡ, ಕಳ್ಳನ ಮುಖ ಮಾಡಿಕೊಂಡು. ಅತ್ತೆ ಯಾರನ್ನೂ ಕೇಳದೆ ಮೊದಲನೇ ಸಾಲಿನ ಕುರ್ಚಿಯಲ್ಲಿ ಕೂತರು. ಅದೇ ಹೊತ್ತಿಗೆ ಮೇಘನಾ, “ಈಗ ಅಕ್ಕ ಬರ್ತಾರೆ” ಎಂದು ನನ್ನ ಕಡೆ ಕೈ ಮಾಡಿದಳು.

ಹೋಗಿ ನಿಂತೆ. ಭಾಗ್ಯಶ್ರೀ ಎಂದು ಹೇಳಿ, ಎರಡು ಸುತ್ತು ಸುತ್ತಿ ಬಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಮಾಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದೆ. ಡೋಲಕ್ ಸದ್ದು ಕೇಳಿಸಿತು. “ನಾನು ನೀಲಮ್ಮ” ಎಂದೆ. ಜೋರಾಗಿಯೇ ಎಂದೆ.

ಆಗ ಮೈ ಅಲುಗಾಡಿತು. ನಾನು ಅಲುಗಾಡಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಸೊಂಟ ಒಂದು ಕಡೆ ವಾಲಿತು. ಎಡಗೈ ನಡುವಿಗೆ ಹೋಯಿತು. ಗದ್ದ ಮೇಲೆದ್ದಿತು. ಬಲಗೈ ತಾನಾಗಿ ಮೇಲೆ ಹೋಗಿ ಹಗುರಾಗಿ ಬಿಚ್ಚಿಕೊಂಡಿತು. ಆಹಾ, ಎಂಥ ಹಿತ! ಇದೇ, ಇದೇ ನಾನು ಎನ್ನಿಸಿತು. ಮತ್ತೊಮ್ಮೆ ಮಾಡಿದೆ, ಇನ್ನೂ ದೊಡ್ಡದಾಗಿ ಮಾಡಿದೆ. ಒಂದು ಕಾಲು ಮುಂದಿಟ್ಟು, ತಿರುಗಿ, ಮತ್ತೆ ಮಾಡಿದೆ. ಡೋಲಕ್ ಜೋರಾಯಿತು, ನಾನೂ ಜೋರಾದೆ. ಬೆನ್ನು, ಭುಜ, ಕುತ್ತಿಗೆ ಎಲ್ಲ ಬಿಟ್ಟುಕೊಂಡವು. ಅಷ್ಟು ಖುಷಿ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಆಗ ಮಕ್ಕಳು ಕೂಗಿದ್ದು ಕೇಳಿಸಿತು. “ಶಾಂತಾಬಾಯಿ! ಶಾಂತಾಬಾಯಿ!”

ಕಣ್ಣು ತೆರೆದೆ. ಇಡೀ ಮಂಟಪ ಬಿದ್ದು ಬಿದ್ದು ನಗುತ್ತಿತ್ತು. ಮಕ್ಕಳೆಲ್ಲ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು, ಗದ್ದ ಎತ್ತಿ, ಕೈ ಝಾಡಿಸುತ್ತಿದ್ದವು. ನನ್ನ ಬಲಗೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ನೋಡಿದೆ. ಅದು ನನ್ನ ಅತ್ತೆಯ ಕೈಯೇ. ಕೊಡ್ಲಿಯ ನೀಲಮ್ಮನನ್ನು ಹುಡುಕಲು ಹೋಗಿ ಶಾಂತಾಬಾಯಿಯನ್ನು ಎತ್ತಿ ತಂದಿದ್ದೆ.

ಸುಮಂಗಲಾ ಬಳಿ ಬಂದು, “ಹುಚ್ಚಿ ಇದ್ದಿಯೇನು? ಅತ್ತಿನ್ನ ಹಿಂಗ ನಾಕು ಮಂದ್ಯಾಗ ಅಣಕಸ್ತಾರೇನು?” ಎಂದು ಪಿಸುಗುಟ್ಟಿದಳು. ಆಗ ನನಗೆ ಹೊಳೆಯಿತು, ಎಲ್ಲರೂ ಹಾಗೇ ತಿಳಿದಿದ್ದಾರೆ ಎಂದು. ಅತ್ತೆ ಬರುವುದನ್ನೇ ಕಾದು, ಅವರ ಮುಖದೆದುರಿಗೇ ಅವರನ್ನು ಆಡಿಕೊಂಡ ಸೊಸೆ ನಾನು. ಅಲ್ಲವೆಂದು ಯಾರಿಗೆ ಹೇಳಲಿ, ಹೆಂಗೆ ಹೇಳಲಿ? ಅತ್ತೆಯ ಮುಖ ನೋಡಿದೆ. ಮಂಟಪದಲ್ಲಿ ನಗದೆ ಇದ್ದವರು ಅವರೊಬ್ಬರೇ. ನನ್ನ ಕಣ್ಣು ತುಂಬಿ ಬಂತು. ಇವತ್ತಿಗೆ ನಮ್ಮ ಮನೆ ಎರಡು ಒಲೆ ಆಯಿತು ಎಂದುಕೊಂಡೆ.

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದರು. ನಗೆ ಒಮ್ಮೆಲೇ ನಿಂತುಹೋಯಿತು. ಮಣಕಾಲು ನೋವಿನಿಂದ ಒಂದೊಂದೇ ಹೆಜ್ಜೆ ಇಟ್ಟು ನನ್ನ ಪಕ್ಕ ಬಂದು ನಿಂತು, ಮಂದಿಯ ಕಡೆ ತಿರುಗಿದರು.

“ಯಾಕ ನಗ್ತೀರಿ? ಇಕಿ ನನ್ನ ಅಣಕಸ್ಲಿಲ್ಲ. ಅಣಕಿಸೋದು ಹೆಂಗಿರ್ತದ ನಂಗ ಗೊತ್ತಿಲ್ಲೇನು? ಈ ಹುಡುಗೂರು ದಿನಾ ಅಣಕಸ್ತಾವ, ಅವುಕ್ಕ ಬರೋಬ್ಬರಿ ಬರಂಗೂ ಇಲ್ಲ. ಇಕಿದು ಬ್ಯಾರೆ ಅದ. ಇಕಿ ಕಣ್ಣು ಮುಚ್ಚಿದ್ಲು, ಮೈಯಾಗಿಂದ ಬಂತದು” ಎಂದರು. ಆಮೇಲೆ, “ಮತ್ತ ಒಂದು ಮಾತು ಹೇಳ್ತೀನಿ. ಇದು ನಂದೂ ಅಲ್ಲ. ನಮ್ಮತ್ತಿದು” ಎಂದರು.

ಹಿಂದಿನ ಸಾಲಿನಿಂದ ಒಬ್ಬ ಮುದುಕಿ, “ಖರೆ ಹೇಳ್ತಿಯೇನು?” ಎಂದಳು.

“ಖರೆನಾ. ನಾ ಬಂದಾಗ ಸಣ್ಣಾಕಿ. ನಮ್ಮತ್ತಿ ಬೀಸೋಕಲ್ಲಿನ ಮುಂದ ನಿಂತು ಹಿಂಗೇ ನಡಾಕ ಕೈ ಇಡ್ತಿದ್ದಳು, ಹಿಂಗೇ ಝಾಡಸ್ತಿದ್ದಳು. ನಂಗ ಭಾಳ ಅಂಜಿಕಿ. ಸತ್ತರೂ ಹಿಂಗ ಮಾಡಂಗಿಲ್ಲ ಅಂತ ದೇವರ ಮುಂದ ಆಣಿ ಮಾಡಿದ್ದೆ. ನೋಡ್ರಿ, ದೇವರಿಗಿ ಕೇಳಿಸೇ ಇಲ್ಲ!”

ಈಗ ಮಂಟಪದಲ್ಲಿ ಬೇರೆ ನಗೆ ಎದ್ದಿತು. ಹಿಂದಿನ ಸಾಲಿನ ಮುದುಕಿಯರು ಒಬ್ಬರಿಗೊಬ್ಬರು ಮೊಳಕೈ ತಿವಿದುಕೊಂಡು ನಕ್ಕರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮೇಘನಾ ಡೋಲಕ್ ಬಿಟ್ಟು ಎದ್ದು ಬಂದಳು. “ಅಮ್ಮಾ, ಅದು ನಿಮ್ಮ ಅತ್ತೆಯವರದು ಅಂದ್ರಿ. ಹಾಗಾದರೆ ನಿಮ್ಮದು ಯಾವುದು? ನೀವೂ ಹೆಸರು ಹೇಳಿ ಮಾಡಿ ನೋಡೋಣ” ಎಂದಳು. ಹುಡುಗಿಗೆ ನಮ್ಮ ಅತ್ತೆಯ ಸ್ವಭಾವ ಗೊತ್ತಿರಲಿಲ್ಲ. ಈಗ ಬೀಳುತ್ತದೆ ಬೈಗುಳ ಎಂದುಕೊಂಡೆ.

ಅತ್ತೆ ಬೈಯಲಿಲ್ಲ. ಕಣ್ಣು ಮುಚ್ಚಿದರು. “ಶಾಂತಾ…” ಎಂದು ಶುರು ಮಾಡಿ ನಿಲ್ಲಿಸಿದರು. ಕಣ್ಣು ತೆರೆದು ನನ್ನನ್ನು ನೋಡಿದರು, ಮತ್ತೆ ಮುಚ್ಚಿದರು.

“ನನ್ನ ಹೆಸರು ಪೆಂಟಮ್ಮ” ಎಂದರು.

ನಮ್ಮ ಗಡಿಯ ಕಡೆ ತೆಲುಗು ಅರ್ಧ ಎಲ್ಲರಿಗೂ ಬರುತ್ತದೆ. ಪೆಂಟ ಅಂದರೆ ತಿಪ್ಪೆ. ಎಲ್ಲೋ ಒಬ್ಬ ಹುಡುಗ ಕಿಸಕ್ಕನೆ ನಕ್ಕ, ಅವನ ಅವ್ವ ಬೆನ್ನಿಗೊಂದು ಕೊಟ್ಟಳು. ನನ್ನ ಗಂಡನ ಕಡೆ ನೋಡಿದೆ. ಅವರೂ ಬಾಯಿ ತೆರೆದು ನಿಂತಿದ್ದರು. ಹೆತ್ತ ಮಗನಿಗೂ ತಾಯಿಯ ಹೆಸರು ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದೇವೆ, ಈ ಹೆಸರು ನನ್ನ ಕಿವಿಗೂ ಬಿದ್ದಿರಲಿಲ್ಲ. ಅವರೂ ಒಂದು ದಿನ ಸೊಸೆಯಾಗಿ ಬಂದವರು, ಅವರಿಗೂ ತಾಟಿನ ಅಕ್ಕಿಯಲ್ಲಿ ಹೆಸರು ಬರೆದಿರುತ್ತಾರೆ ಎನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ.

“ನಮ್ಮವ್ವಗ ನನ್ನಕಿಂತ ಮುಂಚೆ ಹುಟ್ಟಿದ ಕೂಸುಗಳು ಒಂದೂ ಉಳೀಲಿಲ್ಲ” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. “ಅದಕ್ಕ ನಾ ಹುಟ್ಟಿದ ಕೂಡ್ಲೇ ತಿಪ್ಪಿ ಮ್ಯಾಲ ಹೊರಳಿಸಿ, ಪೆಂಟಮ್ಮ ಅಂತ ಇಟ್ರು. ತಿಪ್ಪಿದಂದ್ರ ಯಾರ ಕಣ್ಣೂ ಬೀಳಂಗಿಲ್ಲ, ಸಾವೂ ಮೂಸಂಗಿಲ್ಲ ಅಂತ. ನಾ ಉಳದೆ. ಈ ಮನೀಗಿ ಬಂದಾಗ ಎಲ್ಲಾರೂ ನಕ್ಕರು. ಏ, ಇದೇನು ಹೆಸರವಾ, ಮಂದೀಗಿ ಹೇಳ್ಲಿಕ್ಕ ನಾಚಿಕಿ ಅಂತ ಶಾಂತಾಬಾಯಿ ಮಾಡಿದ್ರು. ನಂಗೂ ಆವಾಗ ಛಂದ ಅನಸ್ತು. ಆದ್ರ ನಮ್ಮವ್ವ ನನ್ನ ಉಳಿಸಿಕೊಂಡಿದ್ದು ಆ ಹೆಸರಿಂದ ನೋಡು.”

ಇಷ್ಟು ಹೇಳಿ ಅವರು ಚಪ್ಪಾಳೆ ತಟ್ಟಿದರು. ಅವರ ತವರು ತೆಲಂಗಾಣದ ಗಡಿಯಲ್ಲಿದೆ. ಅಲ್ಲಿ ದಸರೆಗೆ ಹೆಂಗಸರು ಬತುಕಮ್ಮ ಎಂದು ಹೂ ಪೇರಿಸಿಟ್ಟು ಅದರ ಸುತ್ತ ಬಗ್ಗಿ ಬಗ್ಗಿ ಚಪ್ಪಾಳೆ ತಟ್ಟುತ್ತಾ ಸುತ್ತು ಬರುತ್ತಾರೆ. ಅತ್ತೆ ಹಾಗೆ ಬಗ್ಗಲು ಹೋದರು, ಮಣಕಾಲು ಕೇಳಲಿಲ್ಲ. ಇನ್ನೊಮ್ಮೆ ಬಗ್ಗಿದರು, ಆಗಲಿಲ್ಲ. “ಹೋಗಲೇ” ಎಂದು ಮಣಕಾಲಿಗೇ ಬೈದು, ಬಗ್ಗುವುದನ್ನು ಬಿಟ್ಟು, ಎರಡೂ ಕೈ ಅಗಲಕ್ಕೆ ಚಾಚಿ, ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ಬಂದರು. ಕೈ ಝಾಡಿಸಲಿಲ್ಲ, ಗದ್ದ ಎತ್ತಲಿಲ್ಲ. ತಲೆಯ ಮೇಲಿನ ಸೆರಗು ಜಾರಿ ಹೆಗಲ ಮೇಲೆ ಬಿತ್ತು, ಸರಿಮಾಡಿಕೊಳ್ಳಲಿಲ್ಲ. ಬಾಯಿತುಂಬ ನಗುತ್ತಾ ಇನ್ನೊಂದು ಸುತ್ತು ಬಂದರು. ಅಂಥ ಕುಣಿತವನ್ನು ನಾನು ಎಲ್ಲಿಯೂ ನೋಡಿಲ್ಲ. ಅದು ಬತುಕಮ್ಮನೂ ಅಲ್ಲ, ಸಿನೆಮಾದ್ದೂ ಅಲ್ಲ. ಅವರೆದುರಿಗೆ ನಾನೂ ಕೈ ಚಾಚಿ ಸುತ್ತಲು ಶುರು ಮಾಡಿದೆ. ಹಿಂದಿನ ಸಾಲಿನ ಮುದುಕಿಯರು ಎದ್ದು ಬಂದರು. ಅವರೂ ಒಬ್ಬೊಬ್ಬರಾಗಿ ತಮ್ಮ ತವರಿನ ಹೆಸರು ಕೂಗಿ ಹೇಳುತ್ತಾ ಸುತ್ತತೊಡಗಿದರು. ಗದ್ದಲದಲ್ಲಿ ಯಾರದು ಯಾವ ಹೆಸರು ಎಂದು ಕೇಳಿಸಲಿಲ್ಲ. ಮೇಘನಾ ಡೋಲಕ್ ಬಾರಿಸುತ್ತಾ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಮನೆಗೆ ಬರುವಾಗ ಆಟೋದಲ್ಲಿ ನಾನು ಮುಖ ಸಣ್ಣದು ಮಾಡಿಕೊಂಡಿದ್ದೆ. ಎಲ್ಲ ಸರಿ, ಆದರೆ ನನ್ನದು ಅಂತ ಸಿಕ್ಕಿದ್ದು ಅತ್ತೆಯ ಅತ್ತೆಯದಾಯಿತಲ್ಲ. ಅದನ್ನೇ ಹೇಳಿದೆ. “ಒಂದು ವಾರ ಹುಡುಕಿದೆ ಅತ್ತಿ. ನಂದು ಅನ್ನೋದು ಏನೂ ಉಳಿದಿಲ್ಲ ನೋಡ್ರಿ.”

“ಯಾರು ಹೇಳಿದ್ರು?” ಎಂದರು ಅತ್ತೆ. “ನಮ್ಮತ್ತಿ ಝಾಡಿಸಿದ್ರ ಮನೀ ಮಂದಿ ಎಲ್ಲಾ ನಡಗ್ತಿದ್ರು. ನಾ ಝಾಡಿಸಿದ್ರ ಸಿಟ್ಟು ಇರ್ತದ. ನೀ ನಗಕೋತ ಝಾಡಸ್ಲಿಕತ್ತಿದ್ದಿ. ಕಣ್ಣು ಮುಚ್ಚಿದ್ದಿ, ನಿನಗ ಹೆಂಗ ಕಾಣ್ಬೇಕು? ನಾ ನೋಡೀನಿ. ಆ ನಗಿ ನಮ್ಮ ಮನೀದಲ್ಲ, ಅದು ಕೊಡ್ಲಿದು.”

ಈ ಮಾತು ಕೇಳಿ ನಾನು ಆಟೋದ ಹೊರಗೆ ಮುಖ ತಿರುಗಿಸಿಕೊಂಡೆ. ಮುಂದೆ ಕೂತಿದ್ದ ನನ್ನ ಗಂಡ, “ಮತ್ತ ಸಿಕ್ಕಳಂಗಾಯ್ತು. ಇನ್ನರ ಛಾ ಸಿಗ್ತದೇನು?” ಎಂದರು. ಇಬ್ಬರೂ ಸೇರಿ ಅವರನ್ನು ಬೈದೆವು.

ಮರುದಿನ ಬೆಳಿಗ್ಗೆ ಎಂದಿನಂತೆ ಒಲೆಯ ಮುಂದೆ ಕೂತಿದ್ದೆವು. ನಾನು ಬಡಿಯುತ್ತಿದ್ದೆ, ಅತ್ತೆ ಬೇಯಿಸುತ್ತಿದ್ದರು. ಬಹಳ ಹೊತ್ತು ಮಾತಿರಲಿಲ್ಲ. ನಮ್ಮ ಮನೆಯಲ್ಲಿ ಅದೇ ದೊಡ್ಡ ಸುದ್ದಿ. ಆಮೇಲೆ ಅತ್ತೆ ರೊಟ್ಟಿ ತಿರುವಿಹಾಕುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು.

“ನಿನ್ನ ತಮ್ಮ ಫೋನಿನ್ಯಾಗ ನಿನ್ನ ನೀಲಕ್ಕ ಅಂತಾನಲ್ಲ.”

“ಹೌದ್ರಿ.”

“ನಂಗ ಪೆಂಟಮ್ಮ ಅನ್ನೋರು ಯಾರೂ ಉಳಿದಿಲ್ಲ. ನಮ್ಮವ್ವ ಹೋದ್ಲು, ಅಪ್ಪ ಹೋದ, ತಮ್ಮ ಹೋದ. ತಮ್ಮನ ಮಕ್ಕಳು ಅತ್ತಾ ಅಂತಾವ. ನಿನ್ನೆ ನನ್ನ ಬಾಯಿಲೇ ನಾ ಹೇಳಿಕೊಂಡೆ ಖರೆ, ಆದ್ರ ಕರಿಸಿಕೊಂಡಂಗ ಆಗ್ಲಿಲ್ಲ.” ಒಲೆಗೆ ಕಟ್ಟಿಗೆ ಮುಂದೂಡಿದರು. “ನೀ ಒಮ್ಮಿ ಅನ್ನು.”

“ಅಯ್ಯ, ನಾ ಹೆಂಗ ಅನ್ಲಿ ಅತ್ತಿ? ಅತ್ತಿ ಹೆಸರು ಹಿಡಿದು ಕರೀತಾರೇನು?”

“ಯಾರು ಅದಾರಿಲ್ಲಿ ಕೇಳ್ಲಿಕ್ಕ? ಅನ್ನು.”

ಎದುರಿಗಿದ್ದರೆ ಆಗುವುದಿಲ್ಲ ಎಂದು ಎದ್ದು, ಹಿತ್ತಲ ಬಾಗಿಲ ಹೊರಗೆ ಹೋಗಿ ನಿಂತೆ. ಸೆರಗಿನಲ್ಲಿ ಹಿಟ್ಟಿನ ಕೈ ಒರೆಸಿಕೊಂಡೆ. ಎದೆ ಗಟ್ಟಿ ಮಾಡಿಕೊಂಡು, ಊರ ಹೊರಗೆ ಆಡಲು ಹೋದ ಹುಡುಗಿಯನ್ನು ಕರೆಯುವ ಹಾಗೆ ಗಟ್ಟಿಯಾಗಿ ಕೂಗಿದೆ.

“ಪೆಂಟಮ್ಮಾ!”

ಒಳಗಿನಿಂದ ತೆಲುಗಿನಲ್ಲಿ ಉತ್ತರ ಬಂತು. “ಆ… ಒಸ್ತುನ್ನಾ!” ಬಂದೆ, ಬಂದೆ ಎಂದು ಓಡುತ್ತಾ ಹೇಳುವ ಸಣ್ಣ ಹುಡುಗಿಯ ದನಿ. ಅಷ್ಟು ವರ್ಷ ಆ ಮನೆಯಲ್ಲಿದ್ದು ನಾನು ಆ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ನಾನು ಬಾಗಿಲ ಹೊರಗೇ ನಿಂತೆ. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿದ ವಾಸನೆ ಬಂತು, ಆದರೆ ಇಬ್ಬರಲ್ಲಿ ಯಾರೂ ತೆಗೆಯಲು ಅವಸರ ಮಾಡಲಿಲ್ಲ.